ಅಡಿಗಲ್ಲಿನ ಮೇಲೆ ಬಾಗಿದವನ ಎದೆಯುರಿ

ದೇವರು ಬೆಂಕಿಯನ್ನು ಕುಲುಮೆಗೂ ಕೊಟ್ಟ, ಹೊಟ್ಟೆಗೂ ಕೊಟ್ಟ. ಅದನ್ನು ಅದರದರ ಜಾಗದಲ್ಲಿ ಇಟ್ಟುಕೊಳ್ಳುವ ಕೆಲಸವನ್ನು ಮಾತ್ರ ಮನುಷ್ಯನಿಗೆ ಬಿಟ್ಟ.

ಅಣ್ಣತಮ್ಮ ಇಬ್ಬರು ಕಮ್ಮಾರರಿದ್ದರು. ಅಣ್ಣ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಅಡಿಗಲ್ಲಿನ ಮೇಲಿಟ್ಟು ಹಿಡಿದರೆ ತಮ್ಮ ಸುತ್ತಿಗೆ ಎತ್ತಿ ಬಡಿಯುವನು. ಹಗಲು ಹೊತ್ತು ಕುಲುಮೆ ಆರಕೂಡದೆಂಬುದು ಅವರಪ್ಪನ ಕಟ್ಟಳೆ. ಹಾಗಾಗಿ ಅಣ್ಣ ಖಾರದ ಊಟವನ್ನು ನಿಂತಲ್ಲೇ ಗಬಗಬನೆ ನುಂಗಿ, ಕೈ ಒರೆಸಿಕೊಂಡವನೇ ಅಡಿಗಲ್ಲಿನ ಮೇಲೆ ಬಾಗುತ್ತಿದ್ದ. ಅಡುಗೆ ತಮ್ಮನ ಹೆಂಡತಿಯದು.

ಈಚೆಗೆ ಬಾಗಿದೊಡನೆ ಅವನ ಎದೆಮೂಳೆಯ ಹಿಂದೆ ಕೆಂಡ ಸುರಿದಂತಾಗುತ್ತಿತ್ತು. ತಮ್ಮ ಬೇರೆ ಕುಲುಮೆ ಹಾಕುವ ಮಾತೆತ್ತಿದ್ದೂ ಆಗಲೇ. ಅಣ್ಣ ಎರಡಕ್ಕೂ ಗಂಟು ಹಾಕಿದ.

"ನನ್ ಅನ್ನಕ್ಕೆ ಏನೋ ಹಾಕಿದೀಯ?"

"ಉಪ್ಪು ಹಾಕಿದೀವಿ ಅಣ್ಣ. ಜಾಸ್ತಿಯಾಯ್ತಾ?"

ಅಣ್ಣನ ಪಿತ್ತ ನೆತ್ತಿಗೇರಿತು. ಬೀಸಿದ ಇಕ್ಕಳಕ್ಕೆ ತಮ್ಮನ ಹುಬ್ಬು ಸೀಳಿತು. ತಮ್ಮನೇನು ಸುಮ್ಮನಿರುವ ಕುಳವೇ? ತಲೆಯಿಂದ ಗುದ್ದಿ ಅಣ್ಣನ ಮೂಗು ಮುರಿದ. ಇಬ್ಬರೂ ಕೆಂಡದ ಮೇಲೆ ಉರುಳಾಡಿದರು. ಕೊನೆಗೆ ಅಣ್ಣ ತಮ್ಮನ ಬಲಗೈಯನ್ನು ಅಡಿಗಲ್ಲಿಗೆ ಒತ್ತಿ ಹಿಡಿದು ಸುತ್ತಿಗೆ ಎತ್ತಿದ.

"ನಿಜ ಬೊಗಳು. ವಿಷ ತಾನೆ?"

"ಅದೇ ಪಾತ್ರೇಲಿ ನಾನೂ ಉಂಡಿದೀನಲ್ಲೋ!"

ಸುತ್ತಿಗೆ ಇಳಿಯಿತು. ಬೆರಳುಗಳು ಒಣಕಡ್ಡಿಯಂತೆ ಲಟಲಟ ಮುರಿದವು. ಎರಡನೇ ಏಟಿಗೆ ಬಾಗುವಾಗ ಹುಳಿನೀರು ಗಂಟಲಿಗೆ ಉಕ್ಕಿ ಬಂತು. ಅಣ್ಣ ಎದೆ ಹಿಡಿದುಕೊಂಡು ಕುಸಿದ. ತಮ್ಮನ ಹೆಂಡತಿ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದಳು.

ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮುಗಿಸಿ ಬಂದರು. "ಎದೆನೋವು ಅಂದ್ರೆ ಮೊದ್ಲು ಹೃದಯ ನೋಡ್ಬೇಕು, ನೋಡಿದ್ವಿ. ಚೆನ್ನಾಗಿದೆ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿ ಸುಡ್ತಿದೆ, ಅಷ್ಟೇ. ಉಂಡ ಕೂಡ್ಲೇ ಬಾಗಿದ್ರೆ ಏರದೆ ಇನ್ನೇನಾಗುತ್ತೆ? ಮಾತ್ರೆ ಕೊಡ್ತೀನಿ. ಉಂಡ್ಮೇಲೆ ಎರಡ್ಮೂರು ಗಂಟೆ ಬಾಗೋ ಕೆಲ್ಸ ಬೇಡ. ಮತ್ತೆ ನೋವು ಬಂದ್ರೆ ನೀವೇ ತೀರ್ಮಾನ ಮಾಡ್ಕೊಬೇಡಿ, ಇಲ್ಲಿಗೆ ಬನ್ನಿ."

"ವಿಷ ಅಲ್ವಾ?"

"ವಿಷಾನಾ? ಯಾರು ಹೇಳಿದ್ದು?"

ಅಣ್ಣ ತಮ್ಮನ ಮಂಚದ ಬಳಿ ಹೋದ. ಎರಡು ಬೆರಳು ತೆಗೆದುಹಾಕಿದ್ದರು. ಉಳಿದವು ಇನ್ನು ಸುತ್ತಿಗೆ ಹಿಡಿಯುವಂತಿರಲಿಲ್ಲ.

"ಎದೆ ಏನಂತೆ?" ತಮ್ಮ ಕೇಳಿದ.

"ಬರೀ ಹುಳಿನೀರಂತೆ."

"ಬದುಕ್ತೀಯ ಬಿಡು. ನಾನು ಬೇರೆ ಕುಲುಮೆ ಹಾಕ್ತೀನಿ ಅನ್ನೋ ಭಯಾನೂ ಹೋಯ್ತು."

ಭಾವನ ಮುಂದೆ ಎಂದೂ ದನಿ ಎತ್ತದ ತಮ್ಮನ ಹೆಂಡತಿ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದಳು. ಮುರಿದ ಮೂಗಿನಿಂದ ಮತ್ತೆ ರಕ್ತ ಒಸರಿತು. ಅವನು ಕೈ ಅಡ್ಡ ತರಲಿಲ್ಲ.

"ಮಾತ್ರೆ ಊಟಕ್ಕೆ ಮುಂಚೆ ನುಂಗ್ಬೇಕಂತೆ ಭಾವ," ಎಂದಳು. "ಊಟ ಇನ್ಮೇಲೆ ನೀವೇ ಬೇಯಿಸ್ಕೊಳ್ಳಿ."