ಕಲ್ಲು, ಕಂಬ, ಕಟ್ಟೆ

ನಮ್ಮ ಆಫೀಸಿನ ಹಳೇ ಕಂಪ್ಯೂಟರ್ ಒಂದು ಸೋಮವಾರ ಬೆಳಿಗ್ಗೆ ಕೈಕೊಟ್ಟಿತು. ರಿಪೇರಿಯವನು ಬಂದು, ಅದರ ಬೆನ್ನು ಬಿಚ್ಚಿ, ಒಳಗೆ ಉಫ್ ಎಂದು ಊದಿ, ಮತ್ತೆ ಮುಚ್ಚಿದ. "ಇದನ್ನ ಹೇಗೋ ಎಬ್ಬಿಸಿ ನಿಮ್ಮ ಫೈಲೆಲ್ಲಾ ತೆಗೆದುಕೊಡ್ತೀನಿ ಮೇಡಂ. ಆದ್ರೆ ನಿಮ್ಮ ಡ್ರಾಯಿಂಗ್ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿಗೆ ಬರಲ್ಲ. ಅದನ್ನ ಮಾಡಿದ ಕಂಪನಿಯೇ ಈಗಿಲ್ಲ," ಅಂದ. ಹದಿನೇಳು ವರ್ಷ ಅದರಲ್ಲಿ ಜಮೀನುಗಳ ನಕ್ಷೆ ಬರೆದವಳು ನಾನು. ಅದಕ್ಕೂ ಮೊದಲು ಒಂಬತ್ತು ವರ್ಷ ಟ್ರೇಸಿಂಗ್ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದಿದ್ದೆ. ನಿಜ ಹೇಳಬೇಕೆಂದರೆ, ಕೆಲವು ನೆಂಟರು ತೀರಿಕೊಂಡಾಗಲೂ ನನಗೆ ಇಷ್ಟು ಬೇಜಾರಾಗಿರಲಿಲ್ಲ.

ಆಫೀಸು ನನ್ನ ಅಣ್ಣನದು. ಅವನು ಸರ್ವೇಯರ್, ನಾನು ಡ್ರಾಫ್ಟ್ಸ್‌ಮನ್. ಹೆಂಗಸಾದರೂ ಬಾಗಿಲ ಬೋರ್ಡಿನಲ್ಲಿ ಹಾಗೇ ಬರೆದಿದೆ, ಬದಲಾಯಿಸಲು ಯಾರಿಗೂ ಪುರುಸೊತ್ತಾಗಿಲ್ಲ. ಅವನು ಬಿಸಿಲಲ್ಲಿ ಅಳೆಯುತ್ತಾನೆ, ನಾನು ನೆರಳಲ್ಲಿ ಬರೆಯುತ್ತೇನೆ. ನೆಲಮಾಳಿಗೆಗಿಂತ ಒಂದು ಮೆಟ್ಟಿಲು ಮೇಲಿರುವ ಎರಡು ಕೋಣೆ, ಒಂದು ಅವನದು, ಒಂದು ನನ್ನದು, ನಡುವೆ ಕದವಿಲ್ಲದ ಬಾಗಿಲು. ಮಹಡಿಯ ಮೇಲೆ ಅಣ್ಣ ಅತ್ತಿಗೆಯ ಮನೆ.

"ಮೂರು ಹೊಸ ಸಾಫ್ಟ್‌ವೇರ್ ವಿಚಾರಿಸಿದ್ದೀನಿ," ಅಂದ ಅಣ್ಣ. "ಮೂರನ್ನೂ ತರಿಸೋಣ. ನಮ್ಮದೇ ಕೆಲಸ ಕೊಟ್ಟು ಓಡಿಸಿ ನೋಡು. ನೀನೇ ಆರಿಸು. ನೀನು ಬೇಡ ಅಂದಿದ್ದು ಈ ಬಾಗಿಲು ದಾಟಲ್ಲ."

ಮೂರಕ್ಕೂ ನಾನೇ ಹೆಸರಿಟ್ಟೆ. ಮೊದಲನೆಯದು ದೊಡ್ಡಪ್ಪ. ಊರಿಗೆಲ್ಲ ಗೊತ್ತಿರುವವನು, ಎಲ್ಲ ದೊಡ್ಡ ಆಫೀಸುಗಳಲ್ಲೂ ಇರುವವನು. ಪರದೆಯ ತುಂಬ ಗುಂಡಿಗಳು. ಸೇತುವೆ ಬೇಕೇ, ಅಣೆಕಟ್ಟು ಬೇಕೇ, ಹತ್ತು ಮಹಡಿಯ ಕಟ್ಟಡ ಬೇಕೇ, ಎಲ್ಲ ಬರೆಯುತ್ತಾನೆ. ಒಂದು ಬೇಲಿ ಬರೆಯಪ್ಪಾ ಎಂದರೆ ಮಾತ್ರ ಹನ್ನೆರಡು ಪ್ರಶ್ನೆ ಕೇಳುತ್ತಾನೆ. ಗೆರೆಯನ್ನಂತೂ ನಾವೇ ಎಳೆಯಬೇಕು. ಎರಡನೆಯವನು ಪುಕ್ಕಟೆ. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟುಕೊಟ್ಟದ್ದು. ಮನಸ್ಸು ಒಳ್ಳೆಯದು, ಆರೋಗ್ಯ ಸಾಲದು. ಅರ್ಧ ನಕ್ಷೆ ಬರೆಯುವಷ್ಟರಲ್ಲಿ ತಾನಾಗಿಯೇ ಮುಚ್ಚಿಕೊಂಡುಬಿಟ್ಟ. ಮೂರನೆಯದಕ್ಕೆ ಜಾಣೆ ಎಂದು ಹೆಸರಿಟ್ಟದ್ದು ಮೆಚ್ಚಿ ಅಲ್ಲ, ಹೊಟ್ಟೆಕಿಚ್ಚಿನಿಂದ.

ಜಾಣೆಯನ್ನು ತೋರಿಸಲು ಬರುವವಳು ಮುಂಚೆಯೇ ಫೋನ್ ಮಾಡಿದ್ದಳು. "ನೀವು ಗೆರೆ ಎಳೆಯೋದೇ ಬೇಡ ಮೇಡಂ. ಅಳೆಯುವಾಗ ಪ್ರತಿ ಪಾಯಿಂಟಿಗೂ ಒಂದು ಕೋಡ್ ಹಾಕಿದ್ರೆ ಸಾಕು. ಒಂದೇ ಕೋಡ್ ಇರೋ ಪಾಯಿಂಟುಗಳನ್ನ ಅದೇ ಸಾಲಾಗಿ ಸೇರಿಸಿಬಿಡುತ್ತೆ. ನಿಮ್ಮ ಎರಡು ದಿನದ ಕೆಲಸ ಹತ್ತು ನಿಮಿಷ."

ಗೆರೆ ಎಳೆಯೋದೇ ಬೇಡ. ನನಗೆ ಐವತ್ತೊಂದು. ಗೆರೆ ಎಳೆಯುವುದು ಬಿಟ್ಟರೆ ಬೇರೆ ವಿದ್ಯೆ ಬರುವುದಿಲ್ಲ. ಗೆರೆಯನ್ನು ಅದೇ ಎಳೆದುಕೊಳ್ಳುವುದಾದರೆ ನಾನು ಆ ಕೋಣೆಯಲ್ಲಿ ಕೂತು ಮಾಡುವುದೇನು? ಅಣ್ಣ ನನ್ನನ್ನು ಹೋಗು ಎನ್ನುವವನಲ್ಲ. ಸುಮ್ಮನೆ ಕೂರಿಸಿ ಸಾಕುತ್ತಾನೆ. ಅದನ್ನು ನೆನೆಸಿಕೊಂಡೇ ನನಗೆ ಅಳು ಬಂತು. ಬೇಡದ ಕಡೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇರಲಿಲ್ಲ.

ಇಲ್ಲಿ ಅಣ್ಣನ ಒಂದು ಚಾಳಿಯ ಬಗ್ಗೆ ಹೇಳಬೇಕು. ಅವನು ಅಳೆಯುವ ಯಂತ್ರದ ಗುಂಡಿಗಳು ಸಣ್ಣವು, ಅವನ ಬೆರಳುಗಳು ದಪ್ಪ. ಹಾಗಾಗಿ ಪ್ರತಿ ಪಾಯಿಂಟಿಗೂ ಒಂದೇ ಅಕ್ಷರ ಒತ್ತುತ್ತಾನೆ. ಬೇಲಿಗೆ ಬಿ. ಮರಕ್ಕೆ ಎಂ. ಅಲ್ಲಿಯವರೆಗೆ ಸರಿ. ಗಡಿಯ ಕಲ್ಲಿಗೆ ಕೆ. ಕರೆಂಟಿನ ಕಂಬಕ್ಕೂ ಕೆ. ಬಾವಿಯ ಕಟ್ಟೆಗೆ ಕೆ, ಕಾಲುವೆಗೆ ಕೆ, ಕೊಟ್ಟಿಗೆಗೆ ಕೆ, ಕೆರೆಯ ದಡಕ್ಕೂ ಕೆ. ಜಮೀನಿನ ಮೇಲೆ ಇರುವುದೆಲ್ಲ ನಮ್ಮ ಮಾತಿನಲ್ಲಿ ಕಕಾರದಿಂದಲೇ ಶುರುವಾಗಬೇಕೆಂದು ಯಾರು ಹಟ ಹಿಡಿದಿದ್ದರೋ ಗೊತ್ತಿಲ್ಲ.

ನನಗೇನೂ ಕಷ್ಟವಿರಲಿಲ್ಲ. ಸಾಲಾಗಿ ಒಂದೇ ಅಂತರದಲ್ಲಿ ಬಂದರೆ ಕಂಬ, ಗುಂಡಗೆ ಬಂದರೆ ಕಟ್ಟೆ, ಇಳಿಜಾರಿನಲ್ಲಿ ಬಂದರೆ ಕಾಲುವೆ. ಅನುಮಾನ ಬಂದರೆ ಕೂತಲ್ಲಿಂದಲೇ ಕೂಗುತ್ತಿದ್ದೆ.

"ಅಣ್ಣಾ, ನಲವತ್ತೇಳನೇ ಕೆ ಏನು?"

"ಕಂಬ!" ಎಂದು ಆ ಕೋಣೆಯಿಂದ ಉತ್ತರ ಬರುತ್ತಿತ್ತು. ಮೂರು ತಿಂಗಳ ಹಿಂದೆ ಅಳೆದದ್ದಾದರೂ ತಲೆ ಎತ್ತದೆ ಹೇಳುತ್ತಿದ್ದ. ಈಚೆಗೆ ಒಂದೆರಡು ಸಲ ಕಂಬವನ್ನು ಕಲ್ಲು ಎಂದಿದ್ದ. ಅವನು ಬೇರೆ ಯೋಚನೆಯಲ್ಲಿದ್ದಾನೆಂದುಕೊಂಡು ನಾನೇ ಸರಿಮಾಡಿ ಸುಮ್ಮನಾಗಿದ್ದೆ.

ಒಂದೇ ಕೋಡಿನ ಪಾಯಿಂಟುಗಳನ್ನು ಸೇರಿಸುತ್ತದಂತೆ ಜಾಣೆ. ಸೇರಿಸಲಿ ನೋಡೋಣ, ಅಂದುಕೊಂಡೆ. ದೊಡ್ಡಪ್ಪನಿಗೂ ಪುಕ್ಕಟೆಗೂ ಪರೀಕ್ಷೆಗೆಂದು ಒಂದು ಸಾದಾ ಚೌಕ ಸೈಟಿನ ಫೈಲು ಕೊಟ್ಟಿದ್ದೆ. ಜಾಣೆಗೆಂದು ಕಪಾಟಿನ ಹಳೇ ಸಿಡಿಗಳಲ್ಲಿ ಹುಡುಕಿ ತೆಗೆದದ್ದು ಇಬ್ಬರು ಅಕ್ಕತಂಗಿಯರು ಪಾಲು ಮಾಡಿಕೊಂಡ ಒಂದು ಜಮೀನು. ಬಾವಿಯಿದೆ, ಕೊಟ್ಟಿಗೆಯಿದೆ, ನಡುವೆ ಕಾಲುವೆ ಹರಿಯುತ್ತದೆ, ಮೇಲೆ ಕರೆಂಟಿನ ತಂತಿ ಹಾದುಹೋಗಿದೆ. ಮುನ್ನೂರ ಹನ್ನೆರಡು ಪಾಯಿಂಟು, ಅದರಲ್ಲಿ ನೂರ ತೊಂಬತ್ತು ಕೆ. ಬೇಕೆಂದೇ ಮಾಡಿದೆ. ಯಾರಿಗೂ ಹೇಳಲಿಲ್ಲ.

ಗುರುವಾರ ಹನ್ನೊಂದಕ್ಕೆ ಜಾಣೆಯನ್ನು ತೋರಿಸುವವಳು ಬಂದಳು. ನನ್ನದೇ ವಯಸ್ಸು, ಹೆಗಲಿನಲ್ಲಿ ಭಾರದ ಚೀಲ, ಓದುವ ಕನ್ನಡಕ ತಲೆಯ ಮೇಲೆ. ನನ್ನ ಮೇಜಿನ ಮೇಲಿನ ಸ್ಕೇಲುಗಳನ್ನು ನೋಡಿ ನಕ್ಕಳು. "ನಾನೂ ಇಪ್ಪತ್ತು ವರ್ಷ ಇದನ್ನೇ ಮಾಡಿದೋಳು ಮೇಡಂ. ಕತ್ತು ಹಿಡಿದುಕೊಂಡು ಕಡೆಗೆ ಈ ಮಾರೋ ಕೆಲಸಕ್ಕೆ ಬಂದೆ." ನಾನು ನಗಲಿಲ್ಲ. ಅತ್ತಿಗೆ ತಂದುಕೊಟ್ಟ ಟೀ ಕುಡಿದು, ನಾನು ಕೊಟ್ಟ ಫೈಲನ್ನು ಜಾಣೆಗೆ ಉಣಿಸಿ, ಅವಳು ಒಂದು ಗುಂಡಿ ಒತ್ತಿದಳು.

ಪರದೆಯ ಮೇಲೆ ನಕ್ಷೆ ಮೂಡಿತು. ಗಡಿಯ ಗೆರೆ ಮೂಲೆಯ ಕಲ್ಲಿನಿಂದ ನೆಟ್ಟಗೆ ಹೊರಟು, ಕರೆಂಟಿನ ಕಂಬ ಹತ್ತಿ, ಕೊಟ್ಟಿಗೆಯ ಗೋಡೆ ತೂರಿ, ಬಾವಿಕಟ್ಟೆಯನ್ನು ಎರಡು ಸುತ್ತು ಸುತ್ತಿ, ಕಾಲುವೆಗೆ ಬಿದ್ದು, ಎದ್ದು, ಮತ್ತೊಂದು ಕಂಬಕ್ಕೆ ಓಡಿತ್ತು. ಕುಡಿದವನು ಬೇಲಿ ಹಾಕಿದ್ದರೆ ಇದಕ್ಕಿಂತ ನೀಟಾಗಿ ಹಾಕುತ್ತಿದ್ದ. ನನ್ನ ಹೊಟ್ಟೆ ತಣ್ಣಗಾಯಿತು.

ಅವಳ ಮುಖ ಸಣ್ಣದಾಯಿತು. ಕನ್ನಡಕ ಇಳಿಸಿಕೊಂಡು ಬಗ್ಗಿ ನೋಡಿದಳು. "ಕ್ಷಮಿಸಿ ಮೇಡಂ. ನಮ್ಮದೇ ಏನೋ ಎಡವಟ್ಟು. ಬೇರೆ ಎಲ್ಲೂ ಹೀಗಾಗಿಲ್ಲ." ಇನ್ನೊಮ್ಮೆ ಒತ್ತಿದಳು. ಗೆರೆ ಇನ್ನೊಮ್ಮೆ ಕಾಲುವೆಗೆ ಬಿತ್ತು. ಅಷ್ಟರಲ್ಲಿ ಅಣ್ಣನೂ ಬಂದು ಹಿಂದೆ ನಿಂತ. ಬೇಡ ಎಂದು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಆಗಿಹೋಗುತ್ತಿತ್ತು. ಬಾಯಿ ತೆರೆದೂ ಇದ್ದೆ.

ಅವಳು ಸೋಲುವ ಜಾತಿಯಲ್ಲ. ಮೌಸ್ ಹಿಡಿದು, ತಪ್ಪು ಗೆರೆಗಳನ್ನು ಒಂದೊಂದಾಗಿ ಅಳಿಸಿ, ಕೈಯಿಂದಲೇ ಸರಿಮಾಡಲು ಕೂತಳು, ಥೇಟ್ ನಾನು ಕೂರುವ ಹಾಗೆ. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಸರ್, ಈ ನೂರ ಹದಿನೆಂಟನೇ ಕೆ ಏನು?"

ಅಣ್ಣ ತಲೆ ಕೆರೆದುಕೊಂಡ. ಪರದೆ ನೋಡಿದ. ಗೋಡೆ ನೋಡಿದ. "ಕಲ್ಲು," ಅಂದ. ಮತ್ತೆ ಪರದೆಗೆ ಬಗ್ಗಿ, "ಕಲ್ಲೇ ಅನ್ಸುತ್ತೆ," ಅಂದ.

ಅದು ಬಾವಿಯ ಕಟ್ಟೆ. ಅವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಸಬಳ ಮುಂದೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಅವನ ತಲೆಯೊಳಗೆ ಇದ್ದದ್ದು ಜಾರಿಹೋಗುತ್ತಿತ್ತು, ಮತ್ತು ಅದನ್ನು ಹೊರಗೆ ತೆಗೆದಿಡುವ ಒಂದು ದಾರಿ ಎದುರಿಗೇ ಇತ್ತು. ನಾನು ನನ್ನ ಕುರ್ಚಿ ಉಳಿಸಿಕೊಳ್ಳಲು ಅದಕ್ಕೇ ಕಲ್ಲು ಹಾಕಲು ಕೂತಿದ್ದೆ.

"ಎಡವಟ್ಟು ನಿಮ್ಮದಲ್ಲ," ಅಂದೆ ಅವಳಿಗೆ. "ನಮ್ಮ ಕೆಯದು. ಆರು ಬೇರೆ ಬೇರೆ ವಸ್ತುವಿಗೆ ನಾವು ಒಂದೇ ಅಕ್ಷರ ಹಾಕ್ತೀವಿ. ನಿಮ್ಮ ಸಾಫ್ಟ್‌ವೇರ್ ಹೇಳಿದಷ್ಟನ್ನ ಸರಿಯಾಗೇ ಮಾಡಿದೆ. ನನಗೆ ಹೀಗಾಗುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಈ ಫೈಲ್ ಕೊಟ್ಟೆ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡೆ.

"ನಮ್ಮ ಹಳೇ ಆಫೀಸಿಗೆ ಇದು ಬಂದಾಗ ನಾನು ಒಂದು ವಾರ ಹುಷಾರಿಲ್ಲ ಅಂತ ಮಲಗಿದ್ದೆ ಮೇಡಂ," ಅಂದಳು. "ಜ್ವರ ಗಿರ ಏನೂ ಇರಲಿಲ್ಲ."

ನನಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅಣ್ಣ ಮಾತ್ರ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತ.

"ಯಾಕೇ ಹಾಗೆ ಮಾಡಿದೆ?"

"ಗೆರೆ ಎಳೆಯೋದೇ ಬೇಡ ಅಂದ್ರೆ ನಾನ್ಯಾಕೆ ಬೇಕು ಹೇಳು."

"ಅಯ್ಯೋ ಪೆದ್ದಿ," ಅಂದ ಅಣ್ಣ. ಐವತ್ತೊಂದು ವರ್ಷದ ನನ್ನನ್ನು ಹಾಗೆನ್ನುವವರು ಇನ್ನು ಅವನೊಬ್ಬನೇ. "ಮೊನ್ನೆ ನಾನು ಕಲ್ಲು ಅಂದದ್ದನ್ನ ನೀನು ಕಂಬ ಅಂತ ತಿದ್ದಿದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡ್ಯಾ? ನಕ್ಷೆ ಸಹಿಗೆ ಬಂದಾಗ ನೋಡ್ದೆ. ಡಾಕ್ಟರ ಹತ್ರ ಹೋದೆ. ವಯಸ್ಸಿನದು, ಹೆದರಬೇಡಿ ಅಂದ್ರು. ನಾನು ಹೆದರಲ್ಲ. ಆದ್ರೆ ಒಬ್ಬರ ಜಮೀನಿನ ಗಡಿ ನನ್ನ ನೆನಪಿನ ಮೇಲೆ ನಿಂತಿರಬಾರದು. ಮಂಡಿ ಬೇರೆ ಕೆರೆ ಏರಿ ಹತ್ತಲ್ಲ ಅನ್ನುತ್ತೆ. ಹೊರಗೆ ಹೋಗಿ ಅಳೆಯೋಕೆ ಒಬ್ಬರು ಬೇಕು. ಯಾವುದು ಕಲ್ಲು ಯಾವುದು ಕಂಬ ಅಂತ ನೋಡದೇನೇ ಹೇಳ್ತೀಯ ನೀನು. ನೋಡಿ ಹೇಳೋಕೆ ಏನು ಧಾಡಿ? ಬೇಗ ಬರೆಯೋ ಸಾಫ್ಟ್‌ವೇರ್ ಬಂದ್ರೆ ನಿನ್ನ ಕೈ ಬಿಡುವಾಗುತ್ತೆ ಅಂತಲೇ ಇಷ್ಟೆಲ್ಲಾ ಮಾಡಿದ್ದು."

"ಮೊದಲೇ ಹೇಳಬಾರದಾಗಿತ್ತಾ?"

"ಹೇಳಿದ್ರೆ, ನನ್ನ ಕೈಲಾಗಲ್ಲ ಅಂತಲೂ ಹೇಳಬೇಕಾಗಿತ್ತಲ್ಲ," ಅಂದ.

ಬಾಗಿಲಲ್ಲಿ ಖಾಲಿ ಲೋಟಕ್ಕೆಂದು ಬಂದು ನಿಂತಿದ್ದ ಅತ್ತಿಗೆ, "ಅಣ್ಣ ತಂಗಿ ಇಬ್ಬರೂ ಒಂದೇ ಅಚ್ಚು. ಬಾಯಿ ಬಿಡೋ ಬದಲು ಕಂಪ್ಯೂಟರ್ ತರಿಸ್ತಾರೆ," ಎಂದು ಹೇಳಿ ಮೆಟ್ಟಿಲು ಹತ್ತಿದರು.

ಮಧ್ಯಾಹ್ನವೆಲ್ಲ ನಾವು ಮೂವರು ಕೂತು ಪಟ್ಟಿ ಮಾಡಿದೆವು. ಬೆರಳು ದಪ್ಪವಿದ್ದವರಿಗೂ ಒತ್ತಲು ಬರುವಂತೆ ಅಂಕಿಗಳೇ ಇರಲಿ ಅಂದೆ. ಕಲ್ಲಿಗೆ ಒಂದು, ಕಂಬಕ್ಕೆ ಎರಡು, ಕಟ್ಟೆಗೆ ಮೂರು, ಹೀಗೆ ಹದಿನಾಲ್ಕರವರೆಗೆ. ಕಲ್ಲು ಎಂದರೆ ಗಡಿಯ ಗೆರೆ ದಪ್ಪಗೆ, ಕಂಬ ಎಂದರೆ ಗೆರೆ ಬೇಡ, ಬರೀ ಗುರುತು, ಕಾಲುವೆ ಎಂದರೆ ನೀಲಿಯಲ್ಲಿ ಜೋಡಿ ಗೆರೆ, ಎಂದು ಜಾಣೆಗೆ ಒಂದೊಂದನ್ನೇ ಹೇಳಿಕೊಟ್ಟೆ. ಹೇಳಿಕೊಡುತ್ತಾ ಹೋದಂತೆ ನನಗೆ ಅರ್ಥವಾಯಿತು, ಇಪ್ಪತ್ತಾರು ವರ್ಷ ನನ್ನ ಕೈಯಲ್ಲಿ ಇದ್ದದ್ದು ಗೆರೆ ಮಾತ್ರ ಅಲ್ಲ. ನಾನು ಹಿಂದೆ ಬರೆದಿದ್ದ ನಕ್ಷೆ ಎದುರಿಗಿಟ್ಟುಕೊಂಡು ನೂರ ತೊಂಬತ್ತು ಕೆಗಳಿಗೂ ಹೊಸ ಅಂಕಿ ಹಾಕಿ ಗುಂಡಿ ಒತ್ತಿದೆವು. ಅಕ್ಕತಂಗಿಯರ ಜಮೀನು ತಪ್ಪಿಲ್ಲದೆ ಮೂಡಿತು. ಬಾವಿ ಬಾವಿಯ ಜಾಗದಲ್ಲಿತ್ತು. ಗಡಿ ಗಡಿಯ ಜಾಗದಲ್ಲಿತ್ತು.

"ಇದೇ ಇರಲಿ," ಅಂದೆ.

ಕೊನೆಗೆ ನಕ್ಷೆಯ ಮೂಲೆಯಲ್ಲಿ ಬರುವ ಚೌಕವನ್ನು ತುಂಬಬೇಕಿತ್ತು. ಒಮ್ಮೆ ತುಂಬಿಟ್ಟರೆ ಮುಂದೆ ಎಲ್ಲ ನಕ್ಷೆಗಳಲ್ಲೂ ಹಾಗೇ ಬರುತ್ತದೆ ಅಂದಳು ಅವಳು. ಮೊದಲ ಸಾಲು, ಅಳತೆ ಮಾಡಿದವರು. ಅಭ್ಯಾಸಬಲದಿಂದ ಅಣ್ಣನ ಹೆಸರು ಹೊಡೆಯಲು ಹೋದೆ. ಅವನು ನನ್ನ ಕೈ ತಡೆದ.

"ನಿನ್ನ ಹೆಸರು ಹಾಕು. ನಾಳೆಯಿಂದ ಹೊರಗೆ ಹೋಗೋಳು ನೀನು."

ಹಾಕಿದೆ. ಒಂದಕ್ಷರ ಎರಡು ಸಲ ಬಿತ್ತು, ಅಳಿಸಿ ಸರಿಮಾಡಿದೆ. ಎರಡನೇ ಸಾಲು, ನಕ್ಷೆ ಬರೆದವರು. "ಇಲ್ಲಿ?" ಅಂತ ಕೇಳಿದೆ.

ಅಣ್ಣ ಸ್ಟೂಲನ್ನು ಸರಿಸಿ ಪರದೆಯ ಹತ್ತಿರ ಬಂದು, ದಪ್ಪ ಬೆರಳುಗಳಿಂದ ಮೌಸನ್ನು ಹಿಡಿದ. ಬಾಣದ ಗುರುತು ಪರದೆಯ ಆಚೆಗೆಲ್ಲೋ ಹೋಗಿ ಮಾಯವಾಯಿತು.

"ಇಲ್ಲಿ ನನ್ನದು," ಅಂದ. "ಆದ್ರೆ ಮೊದಲು ಕಲಿಸು. ಬೈಬೇಡ. ನಿಧಾನಕ್ಕೆ ಹೇಳು."

ನಾನು ಎದ್ದು ನನ್ನ ಕುರ್ಚಿಯನ್ನು ಅವನಿಗೆ ಕೊಟ್ಟೆ, ಸ್ಟೂಲಿನ ಮೇಲೆ ಕೂತೆ. "ಮೊದಲು ಒಂದು ಗೆರೆ ಎಳಿ," ಅಂದೆ.