ವಾಣಿಶ್ರೀಯ ಎಡಗಾಲು

ವಾಣಿಶ್ರೀ ಕೂತು ತಿಂಡಿ ತಿಂದದ್ದನ್ನು ಕಂಡವರಿಲ್ಲ. ಅವತ್ತೂ ತುಮಕೂರಿನ ಮನೆಯಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಅಡುಗೆಮನೆಯಿಂದ ಬೀದಿಬಾಗಿಲಿಗೆ, ಬೀದಿಬಾಗಿಲಿಂದ ಅಡುಗೆಮನೆಗೆ ಓಡಾಡುತ್ತಿದ್ದಳು. ಹಿರೇಹಳ್ಳಿಯ ಕಾರ್ಖಾನೆಗೆ ಹೊರಟಿದ್ದ ಗಂಡ ತಿಮ್ಮರಾಜು ಹಾಲಿನ ಪಾತ್ರೆಯನ್ನು ಒಂದು ಹಳದಿ ಜರ್ಸಿಯಿಂದ ಹಿಡಿದು ಇಳಿಸಿದ. ಹಳದಿ ಮೈಸೂರು ತಂಡದ್ದು. ನೆಲ ಒರೆಸುವ ನೀಲಿ ಹುಬ್ಬಳ್ಳಿಯದು. ಮಹಿಳಾ ಕಬಡ್ಡಿ ಲೀಗಿನಲ್ಲಿ ಸಹಾಯಕ ಕೋಚ್ ಆಗಿ ಅವಳು ಅಲೆದ ಊರುಗಳೆಲ್ಲ ಕೊನೆಗೆ ಬಂದು ಸೇರಿದ್ದು ಈ ಅಡುಗೆಮನೆಗೇ.

“ಸಹಾಯಕ ಕೋಚು ಅಂದ್ರೆ ನಿಟ್ಟೂರ್ ಮೇಲೆ ಹೋಗೋ ರೈಲಿನ ಕೋಚಿದ್ದಂಗೆ ಕಣೇ. ಎಂಜಿನ್ ಎಳೆದ ಕಡೆ ಹೋಗದು. ಸುಮ್ನೆ ಕೂತ್ಕಂಡು ತಿನ್ನು,” ಅಂದ ತಿಮ್ಮರಾಜು.

“ಇವತ್ತು ನಾನೇ ಎಂಜಿನ್ನು. ಎಂಜಿನ್ ಎಲ್ಲಾದ್ರೂ ಕೂರ್ತದಾ?”

ಮಾತು ಸುಳ್ಳಲ್ಲ. ಈಗ ಅವಳಿರುವ ತುಮಕೂರು ತಂಡದ ಹೆಡ್ ಕೋಚ್ ಮಲ್ಲಿಕಾರ್ಜುನ್ ಸೀಸನ್ ನಡುವೆಯೇ ಬೇರೆ ತಂಡಕ್ಕೆ ಹಾರಿದ್ದರು. ತಂಡದ ಮಾಲೀಕರು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಕರಿಬಸವಯ್ಯನವರು. “ಕುಣಿಗಲ್ ಮ್ಯಾಚ್ ಗೆದ್ಕಂಡ್ ಬಾರಮ್ಮ, ಹೆಡ್ ಕೋಚ್ ನೀನೇ. ಸೋತ್ರೆ ಬೆಂಗಳೂರಿಂದ ಒಬ್ರು ರೆಡಿ ಅವ್ರೆ,” ಅಂದಿದ್ದರು. ಅವಳು ಎಡಗಾಲು ಎಳೆಯುತ್ತ ಹೊರಟದ್ದು ನೋಡಿ, “ನನ್ ಮಂಡಿ ಚೆನ್ನಾಗ್ ನಡೀತಾ ಐತೆ, ನಿನ್ ಮಂಡೀನೇ ನಡೆಯಲ್ವಲ್ಲಮ್ಮ” ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಹೆಡ್ ಕೋಚ್ ಆಗಬೇಕಾದವಳು ಮಾಲೀಕರ ಜೋಕಿಗೆ ನಗದೆ ಇರಲಾದೀತೆ?

ಅವಳ ಅನ್ನದ ವಿದ್ಯೆ ಅನುಕರಣೆ. ಮುಂದಿನ ಮ್ಯಾಚಿನ ಎದುರಾಳಿ ರೈಡರ್ ಯಾರೋ, ಅಭ್ಯಾಸದಲ್ಲಿ ಇವಳು ಅವಳೇ ಆಗಿಬಿಡುವಳು. ಅವಳ ಹೆಜ್ಜೆ, ಅವಳ ‘ಕಬಡ್ಡಿ ಕಬಡ್ಡಿ’ಯ ರಾಗ, ಮೂಗೊರೆಸಿಕೊಳ್ಳುವ ಧಾಟಿ ಎಲ್ಲ. ಓಟ ನಿಧಾನವಾದರೂ ವರಸೆ ತಪ್ಪುತ್ತಿರಲಿಲ್ಲ. ಹುಡುಗಿಯರು ಇವಳನ್ನು ಹಿಡಿದೂ ಹಿಡಿದೂ ಅವಳನ್ನು ಹಿಡಿಯುವುದು ಕಲಿಯುತ್ತಿದ್ದರು. ಆ ವಾರವೆಲ್ಲ ಅವಳು ಕುಣಿಗಲ್ ತಂಡದ ಮಾಲಿನಿ. ಮಾಲಿನಿ ಹುಬ್ಬಳ್ಳಿಯಲ್ಲಿ ಅವಳ ಕೈಕೆಳಗೇ ಪಳಗಿದವಳಾದ್ದರಿಂದ ವೇಷ ಸುಲಭವಾಗಿ ಹೊಂದಿತು.

ವ್ಯಾನಿನಲ್ಲಿ ಹುಡುಗಿಯರು ಬಿಡಲಿಲ್ಲ. “ಅಕ್ಕಾ, ಮಲ್ಲಿಕಾರ್ಜುನ್ ಸರ್ ಮಾಡಕ್ಕಾ!”

ವಾಣಿಶ್ರೀ ಹೊಟ್ಟೆ ಮುಂದೆ ಮಾಡಿದಳು. “ಏಯ್! ಕಬಡ್ಡಿ ಅಂದ್ರೆ ಏನು? ಉಸಿರು! ಉಸಿರು ಅಂದ್ರೆ ಏನು? ಕಬಡ್ಡಿ! ಈಗ ಯಾರಾದ್ರೂ ಟೀ ತನ್ನಿ.”

ವ್ಯಾನು ನಕ್ಕು ಅಲ್ಲಾಡಿತು.

ಕುಣಿಗಲ್ಲಿನಲ್ಲಿ ಮಧ್ಯಾಹ್ನದ ಬಿಸಿಲು, ಶಾಮಿಯಾನದಡಿ ಮ್ಯಾಟು. ಮಾಲಿನಿ ಮೊದಲ ರೈಡಿಗೆ ಬಂದಳು. ಅಭ್ಯಾಸದಲ್ಲಿ ವಾಣಿಶ್ರೀ ತೋರಿಸಿದಂತೆ ಎಡಕ್ಕೆ ನುಗ್ಗಿ ನೆಗೆಯುತ್ತಾಳೆಂದು ತುಮಕೂರಿನ ಹುಡುಗಿಯರೆಲ್ಲ ಎಡಕ್ಕೆ ವಾಲಿ ಕಾದರು. ಅವಳು ನೆಗೆಯಲೇ ಇಲ್ಲ. ಎಡಗಾಲನ್ನು ನೆಲಕ್ಕೆ ನೆಟ್ಟಳು, ಮೈಯನ್ನು ಬಲಕ್ಕೆ ತಿರುಚಿದಳು, ಬಲಗಾಲನ್ನು ಹಿಂದಕ್ಕೆ ಬೀಸಿ ಒಬ್ಬಳನ್ನು ಮುಟ್ಟಿ ವಾಪಸಾದಳು. ಮುಂದಿನ ಸಲವೂ ಅದೇ. ಅದರಾಚೆಗೂ ಅದೇ.

“ಅಕ್ಕಾ, ನೀನ್ ಮಾಡಿದ್ದು ಹಿಂಗಲ್ವಲ್ಲ!” ಎಂದು ಮೂಲೆಯಲ್ಲಿ ನಿಲ್ಲುವ ಚೈತನ್ಯ ಕೂಗಿದಳು.

ವಾಣಿಶ್ರೀ ಬೆಂಚು ಬಿಟ್ಟು ಎದ್ದಿದ್ದಳು. ಆ ವರಸೆ ಅವಳದೇ. ತಾನೇ ರೈಡರ್ ಆಗಿದ್ದಾಗ ಗುಬ್ಬಿಯ ಮಣ್ಣಿನಲ್ಲಿ ಹುಟ್ಟಿಸಿದ್ದು. ಊರಿನವರನ್ನೆಲ್ಲ ಅನುಕರಿಸಿದವಳು ತನ್ನನ್ನೊಬ್ಬಳನ್ನು ಮಾತ್ರ ಯಾರಿಗೂ ಮಾಡಿ ತೋರಿಸಿರಲಿಲ್ಲ.

ಅದನ್ನು ಮುರಿಯುವ ಬಗೆಯೂ ಅವಳಿಗೆ ಗೊತ್ತು. ಮೈ ತಿರುಚುವ ಹೊತ್ತಿಗೆ ನೆಟ್ಟ ಎಡಗಾಲನ್ನು ಹಿಡಿದರಾಯಿತು. ಮೈ ತಿರುಗುತ್ತದೆ, ಮಂಡಿ ತಿರುಗುವುದಿಲ್ಲ. ವಾಣಿಶ್ರೀಯ ಆಟ ಮುಗಿದದ್ದೇ ಹಾಗೆ. ಮಂಡಿಯಲ್ಲಿ ಹಸಿ ಸೌದೆ ಮುರಿದ ಸದ್ದಾಗಿತ್ತು.

ಟೈಮ್ ಔಟ್ ಕೇಳಿದಳು. ಹುಡುಗಿಯರು ಸುತ್ತ ಬಂದು ಬಾಯಿ ನೋಡಿದರು. ಹೇಳಲೋ ಬೇಡವೋ ಎಂದು ತಡಬಡಿಸುವಾಗ ಅವಳ ಗಂಟಲಿನಿಂದ ಹೊರಟದ್ದು, “ಏಯ್! ಕಬಡ್ಡಿ ಅಂದ್ರೆ ಏನು?” ಅಪ್ಪಟ ಮಲ್ಲಿಕಾರ್ಜುನ್. ಹುಡುಗಿಯರು ಕಿಸಕ್ಕೆಂದರು. ಸೀಟಿ ಕೂಗಿತು. ಟೈಮೂ ಔಟು, ಕೋಚೂ ಔಟು.

ಆದರೂ ತುಮಕೂರಿನ ರೈಡರ್ ತನುಶ್ರೀ ತನ್ನ ರೈಡುಗಳಲ್ಲಿ ಒಂದೊಂದೇ ಅಂಕ ಕಿತ್ತು ತಂದಳು. ಅಂಕ ಸಮ ಆಯಿತು. ಉಳಿದದ್ದು ಮಾಲಿನಿಯ ಕೊನೆಯ ರೈಡ್. ಹಿಡಿದರೆ ಗೆಲುವು, ಮುಟ್ಟಿಸಿಕೊಂಡರೆ ಸೋಲು. ವಾಣಿಶ್ರೀ ಮತ್ತೆ ಟೈಮ್ ಔಟ್ ಕೇಳಿದಳು. ಗ್ಯಾಲರಿಯಲ್ಲಿ ಕರಿಬಸವಯ್ಯನವರು ಎದ್ದು ನಿಂತಿದ್ದರು.

“ಅಕ್ಕಾ, ಆ ಎಡಗಾಲು ಖಾಲಿ ಬಿಡ್ತಾವ್ಳೆ,” ಅಂದಳು ಚೈತನ್ಯ. “ನಂಗೆ ಕಾಣ್ತೈತೆ. ಹಾಕ್ಬುಡ್ಲಾ ಕೈಯ?”

ವಾಣಿಶ್ರೀ ಎದುರು ಅಂಕಣದ ಕಡೆ ನೋಡಿದಳು. ಮಾಲಿನಿ ಬಗ್ಗಿ ಲೇಸ್ ಕಟ್ಟಿಕೊಳ್ಳುತ್ತಿದ್ದಳು, ಎಡಗಾಲಿನದೇ.

“ಸೊಂಟ ಹಿಡೀರಿ.”

“ಸೊಂಟ ಜಾರ್ತದಲ್ಲಕ್ಕಾ!”

“ಜಾರ್ಲಿ. ಆ ಕಾಲು ಮುಟ್ಟಬ್ಯಾಡ. ಸೊಂಟ ಅಂದ್ರೆ ಸೊಂಟ ಕಣೇ.” ಈ ಸಲ ಯಾರೂ ನಗಲಿಲ್ಲ. ಅದು ಯಾರ ದನಿಯೂ ಆಗಿರಲಿಲ್ಲ, ಅವಳದಾಗಿತ್ತು.

ಮಾಲಿನಿ ಬಂದಳು, ಕಾಲು ನೆಟ್ಟಳು, ಬೀಸಿದಳು. ಚೈತನ್ಯ ಸೊಂಟಕ್ಕೆ ಬಿದ್ದಳು, ತನುಶ್ರೀ ಅವಳ ಮೇಲೆ. ಬೆವರಿಗೆ ಹಿಡಿತ ಜಾರಿತು. ಮಾಲಿನಿ ಇಬ್ಬರನ್ನೂ ಎಳೆದುಕೊಂಡೇ ಹೋಗಿ ಬೆರಳ ತುದಿಯನ್ನು ನಡುಗೆರೆಗೆ ಮುಟ್ಟಿಸಿದಳು. ಕುಣಿಗಲ್ ಕುಣಿಯಿತು.

ಕರಿಬಸವಯ್ಯನವರು ಫೋನ್ ಹಿಡಿದೇ ಇಳಿದು ಬಂದರು. “ಬೆಂಗಳೂರಿನವ್ರಿಗೆ ಬರಕ್ಕೇಳ್ತೀನಿ ಕಣಮ್ಮ. ಬೇಜಾರ್ ಮಾಡ್ಕಬ್ಯಾಡ.” ವಾಣಿಶ್ರೀ ತಲೆಯಾಡಿಸಿದಳು. ನಗಲಿಲ್ಲ, ಇನ್ನು ನಗಲೇಬೇಕಾದ ದರ್ದಿರಲಿಲ್ಲ.

ಹುಡುಗಿಯರು ವ್ಯಾನ್ ಹತ್ತುವಾಗ ಮಾಲಿನಿ ಓಡಿ ಬಂದಳು. “ಅಕ್ಕಾ, ಕಾಲು ಪೂರ್ತಿ ಬಿಟ್ಟಿದ್ದೆ. ನಿಮಗ್ ಗೊತ್ತಾಗ್ದೆ ಇರುತ್ತಾ? ಯಾಕ್ ಹಿಡಿಸ್ಲಿಲ್ಲ?”

“ಮೊದ್ಲು ನೀನ್ ಹೇಳು. ಯಾರೇ ಕಲಿಸಿದ್ದು ಇದ್ನ?”

“ನೀವೇ. ಹುಬ್ಬಳ್ಳೀಲಿ ಎಲ್ರೂ ಹೋದ್ಮೇಲೆ ಒಬ್ರೇ ಮಾಡ್ತಿದ್ರಲ್ಲ, ಕಿಟಕೀಲಿ ನೋಡ್ಕಂಡೆ.”

“ಕದಿಯೋದಾದ್ರೆ ಪೂರ್ತಿ ಕದೀಬೇಕು. ಅರ್ಧ ಕದ್ದಿದೀಯ.” ವಾಣಿಶ್ರೀ ಚಪ್ಪಲಿ ಕಳಚಿದಳು. “ಹಿಮ್ಮಡಿ ನೆಲಕ್ಕೂರಬ್ಯಾಡ. ಬೆರಳ ಮೇಲೆ ನಿಲ್ಲು. ಆಗ ಯಾರ್ ಹಿಡಿದ್ರೂ ಮೈ ಜೊತೆ ಕಾಲೂ ತಿರುಗ್ತದೆ. ನಂಗೆ ಇದು ಹೊಳೆದಿದ್ದು ಮಂಡಿ ಹೋದ್ಮೇಲೆ. ಎಲ್ಲಿ, ಮಾಡು.”

ವ್ಯಾನು ಹಾರನ್ ಹೊಡೆಯಿತು. ಕರಿಬಸವಯ್ಯನವರು ಕಾರಿನ ಬಾಗಿಲು ಹಿಡಿದು ನಿಂತು ದಿಟ್ಟಿಸಿದರು. “ಅಲ್ಲಮ್ಮ, ನೀನ್ ಯಾವ ಟೀಮಿನ್ ಕೋಚು?”

“ಸಹಾಯಕ ಕೋಚು ಸರ್,” ಎಂದು ತಿರುಗದೆಯೇ ಹೇಳಿ, ಎಡಗಾಲಿನ ಬೆರಳುಗಳ ಮೇಲೆ ಮೈಭಾರ ಹಾಕಿ ನಿಂತಳು. “ಹಿಮ್ಮಡಿ ಕಣೇ, ಹಿಮ್ಮಡಿ! ಇನ್ನೊಂದ್ಸಲ.”