ಒಂಬತ್ತನೇ ಮನೆಯ ಗೆರೆ

“ಈ ಮೂರನೇದನ್ನ ಮಾಡಿದವರು ಗೋಡೆ ಕೆಲಸದವರೋ, ಕೇಕ್ ಅಂಗಡಿಯವರೋ?”

ಟ್ಯಾಲೋ ರೋ ಬೀದಿಯವರೆಲ್ಲ ನಕ್ಕರು. ಒಂದಕ್ಕೊಂದು ಅಂಟಿಕೊಂಡ ಸಾಲಿನ ಹನ್ನೊಂದು ಮನೆಗಳವರು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬೀದಿಗೆ ಬಂದು ನಿಂತಿದ್ದರು. ಕೇಳಿದ್ದು ಲ್ಯಾಂಗ್ರಿಷ್, ಹಳೇ ಕಟ್ಟಡಗಳ ರಕ್ಷಣೆಗೆಂದು ಇರುವ ಅಧಿಕಾರಿ. ತುದಿಮನೆಯ ಗೋಡೆಯಲ್ಲಿ ಮೂವರು ಕೆಲಸಗಾರರು ಒಂದೊಂದು ಮೊಳದ ಚೌಕದಲ್ಲಿ ಇಟ್ಟಿಗೆ ಸಂದಿಗೆ ಸುಣ್ಣದ ಗೆರೆ ಎಳೆದು ತೋರಿಸಿದ್ದರು. ಯಾರ ಚೌಕ ಒಪ್ಪಿಗೆಯಾಗುತ್ತದೋ ಅವರಿಗೆ ಇಡೀ ಸಾಲಿನ ಕೆಲಸ.

“ನಂದು,” ಅಂದ ಕ್ಯಾಲಮ್.

“ಎಲ್ಲಿ ಕಲಿತೆ?”

“ವಿಲ್ಫ್ ಹ್ಯಾರಡೀನ್ ಹತ್ರ.”

“ಅದು ಯಾವ ಕಾಲೇಜಪ್ಪ?”

ಮತ್ತೆ ನಗು. ವಿಲ್ಫ್ ಇದೇ ಸಾಲಿನ ಒಂಬತ್ತನೇ ಮನೆಯಲ್ಲಿ ನಲವತ್ತು ವರ್ಷ ಇದ್ದು ಸತ್ತವನು. ನಗುವವರಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಎಲ್ಲ ಅವನು ಹೋದ ಮೇಲೆ ಮನೆ ಕೊಂಡು ಬಂದವರು.

“ಸ್ಕೂಲು?”

“ಹದಿನೈದಕ್ಕೆ ಬಿಟ್ಟೆ.”

“ಬಿಟ್ಟಿದ್ದು ಗೋಡೆ ಮೇಲೆ ಕಾಣ್ತಾ ಇದೆ. ಎಷ್ಟು ಬೆಳ್ಳಗಿದೆ ನೋಡಿ, ಹಲ್ಲು ಕಿರಿದ ಹಾಗೆ.”

ಹೊಸ ಸುಣ್ಣ ಬೆಳ್ಳಗಿರದೆ ಇನ್ನು ಹೇಗಿರಬೇಕು? ಅಂದುಕೊಂಡ ಕ್ಯಾಲಮ್. ಈ ಮನೆಗಳ ಇಟ್ಟಿಗೆ ಒರಟು, ಅಂಚು ಮುಕ್ಕಾದದ್ದು. ಕಟ್ಟಿಸಿದವರಿಗೆ ಒಳ್ಳೇ ಇಟ್ಟಿಗೆಗೆ ದುಡ್ಡಿರಲಿಲ್ಲ, ಶೋಕಿ ಮಾತ್ರ ಬೇಕಿತ್ತು. ಅದಕ್ಕೇ ಸಂದಿಗೆಲ್ಲ ಇಟ್ಟಿಗೆಯದೇ ಬಣ್ಣದ ಗಾರೆ ತುಂಬಿಸಿ, ಗೋಡೆಯನ್ನು ಒಂದೇ ಹಾಳೆಯಂತೆ ಮಾಡಿ, ಅದರ ಮೇಲೆ ದಾರದಷ್ಟು ಸಣ್ಣ ಸುಣ್ಣದ ಗೆರೆ ಕೂರಿಸುತ್ತಿದ್ದರು. ಬೀದಿಯಲ್ಲಿ ನಿಂತವನಿಗೆ ನುಣ್ಣಗೆ ಕೊರೆದು ಜೋಡಿಸಿದ ಇಟ್ಟಿಗೆ ಅನ್ನಿಸಬೇಕು. ಈ ಗೆರೆ ಕೂರಿಸಲು ವಿಲ್ಫ್ ಅವನಿಗೆ ಆರು ವರ್ಷ ಕಲಿಸಿದ್ದ. ಒಂದು ದಿನವೂ ಚೆನ್ನಾಗಿದೆ ಅಂದವನಲ್ಲ. ಕೆಟ್ಟದ್ದನ್ನು ಕೆರೆದು ತೆಗೆಸುತ್ತಿದ್ದ; ತೆಗೆಸದಿದ್ದರೆ ಚೆನ್ನಾಗಿದೆ ಅಂತ ತಿಳಿದುಕೊಳ್ಳಬೇಕಿತ್ತು.

ವಿಲ್ಫ್ ಹೋದ ಮೇಲೆ ಕ್ಯಾಲಮ್ ಮಾಡಿದ್ದು ಹಿತ್ತಿಲ ಗೋಡೆಗಳಿಗೆ ಸಿಮೆಂಟು ಮೆತ್ತುವ ಕೆಲಸ. ಬಾಡಿಗೆ ಕೋಣೆ, ಡಬ್ಬಿಯ ಬೀನ್ಸು, ರೇಡಿಯೋ. ದಿನಗಟ್ಟಲೆ ಅವನ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಈ ಸಾಲು ಸಿಕ್ಕರೆ ಎರಡು ವರ್ಷ ಅವನ ಕೈಗೆ ಅದು ಕಲಿತ ಕೆಲಸ ಸಿಗುತ್ತಿತ್ತು.

“ಎರಡನೇದು ಪರವಾಗಿಲ್ಲ, ಹಳೇ ಕಳೆ ಇದೆ,” ಅಂದ ಲ್ಯಾಂಗ್ರಿಷ್. ಅದನ್ನು ಮಾಡಿದವನು ಹಳೇದಾಗಿ ಕಾಣಲಿ ಅಂತ ಚಹಾದ ನೀರಿಗೆ ಮಸಿ ಕದಡಿ ಉಜ್ಜಿದ್ದ. ಕ್ಯಾಲಮ್ ಕಣ್ಣಾರೆ ನೋಡಿದ್ದ. “ಆದ್ರೆ ನಿಜವಾದ ಗೆರೆ ಅಂದ್ರೆ ಏನು ಅಂತ ತೋರಿಸ್ತೀನಿ, ಬನ್ನಿ.”

ಜನ ಅವನ ಹಿಂದೆ ನಡೆದರು. ಒಂಬತ್ತನೇ ಮನೆಯ ಮುಂದೆ ನಿಂತರು.

ವಿಲ್ಫ್‌ನ ಹೆಂಡತಿ ಮ್ಯೂರಿಯಲ್ ಚಹಾ ಹಿಡಿದು ಬಾಗಿಲಲ್ಲಿದ್ದಳು. ಲ್ಯಾಂಗ್ರಿಷ್ ಕಿಟಕಿಯ ಕೆಳಗೆ ಬಗ್ಗಿ, ಅಲ್ಲಿನ ಗೋಡೆಯನ್ನು ಬೆರಳ ತುದಿಯಿಂದ ಸವರಿದ.

“ಇನ್ನೂರು ವರ್ಷದ ಮೇಲಾಯ್ತು. ಒಂದು ಕೂದಲಷ್ಟೂ ಅತ್ತಿತ್ತ ಆಗಿಲ್ಲ. ಇಂಥ ಕೈ ಈಗ ಎಲ್ಲೂ ಇಲ್ಲ.”

ಕ್ಯಾಲಮ್‌ಗೆ ಕೂಡಲೇ ಗುರುತು ಸಿಕ್ಕಿತು. ಅದು ಅವನದೇ ಗೆರೆ.

ಮೂರು ವರ್ಷದ ಹಿಂದಿನ ಮಾತು. ಕಿಟಕಿ ಕೆಳಗೆ ಯಾರೋ ಮೆತ್ತಿದ್ದ ಸಿಮೆಂಟು ಇಟ್ಟಿಗೆಯನ್ನೇ ತಿನ್ನುತ್ತಿತ್ತು. ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಮನೆ, ಅಂಥ ಕೆಲಸಕ್ಕೆ ಮೊದಲು ಒಪ್ಪಿಗೆ ಬೇಕು. ಒಪ್ಪಿಗೆಗೆ ನಾಲ್ಕು ತಿಂಗಳು ಅಂದರು. ವಿಲ್ಫ್‌ಗೆ ಡಾಕ್ಟರು ಇನ್ನು ಆರೇ ವಾರ ಆಯಸ್ಸು ಅಂದಿದ್ದರು. ಆಗಿನ ಬೀದಿಯವರು ರಜೆಗೆಂದು ಸಮುದ್ರ ತೀರಕ್ಕೆ ಹೋದ ವಾರ, ಟಾರ್ಪಾಲು ಕಟ್ಟಿ ಇಬ್ಬರೂ ಕೆಲಸ ಮುಗಿಸಿದರು. ಗೆರೆ ಎಳೆದದ್ದು ಕ್ಯಾಲಮ್ ಒಬ್ಬನೇ; ವಿಲ್ಫ್‌ಗೆ ಕರಣೆ ಹಿಡಿಯಲಾಗುತ್ತಿರಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಬರೀ ನೋಡಿದ. ಕೊನೆಗೆ ಕ್ಯಾಲಮ್ ಬಿಳುಪು ಮುಚ್ಚಲು ಮಸಿಗೆ ಕೈ ಹಾಕಿದಾಗ ಮಾತ್ರ ಬಾಯಿ ಬಿಟ್ಟ.

“ಬಿಡೋ. ಗೋಡೆಗೆ ಸುಳ್ಳು ವಯಸ್ಸು ಕೊಡಬೇಡ. ಎರಡು ಚಳಿಗಾಲ ಕಳೀಲಿ, ತಾನೇ ಕಪ್ಪಾಗುತ್ತೆ.”

ಏನನ್ನೂ ಕೆರೆದು ತೆಗೆಸಲಿಲ್ಲ.

ಈಗ ಮ್ಯೂರಿಯಲ್ ಕ್ಯಾಲಮ್‌ನತ್ತ ನೋಡಿದಳು. ಒಂದು ಹೆಜ್ಜೆ ಮುಂದೆ ಬಂದಳು. “ಸರ್, ಅದು...” ಅಂದಳು.

ಕ್ಯಾಲಮ್ ಬೇಡ ಅಂತ ತಲೆ ಅಲ್ಲಾಡಿಸಿದ.

ಹೇಳಬಹುದಿತ್ತು. ಎರಡೇ ಮಾತು. ಲ್ಯಾಂಗ್ರಿಷ್‌ನ ಮುಖ ಸುಟ್ಟ ಬದನೆಕಾಯಿ ಆಗುತ್ತಿತ್ತು, ನಕ್ಕವರ ಬಾಯಿ ಮುಚ್ಚುತ್ತಿತ್ತು. ಆಮೇಲೆ? ನಾಲ್ಕನೇ ಮನೆಯವನು ಒಪ್ಪಿಗೆಯಿಲ್ಲದೆ ಪ್ಲಾಸ್ಟಿಕ್ ಕಿಟಕಿ ಹಾಕಿಸಿದ್ದಕ್ಕೆ ಇದೇ ಲ್ಯಾಂಗ್ರಿಷ್ ಕೋರ್ಟಿಗೆ ಎಳೆದು, ಕಿಟಕಿ ಕೀಳಿಸಿದ್ದ. ಇಲ್ಲಿ ಕೋರ್ಟು ಹತ್ತಬೇಕಾದವಳು ಎಪ್ಪತ್ತೆಂಟರ ಮ್ಯೂರಿಯಲ್. ಕೀಳಿಸಿಕೊಳ್ಳಬೇಕಾದದ್ದು ಈ ಗೆರೆ. ವಿಲ್ಫ್ ಕಣ್ಣಿಟ್ಟು ನೋಡಿದ ಕೊನೇ ಕೆಲಸ.

“ಏನಂದ್ರಿ, ಮೇಡಂ?”

“ಏನಿಲ್ಲ,” ಅಂದಳು ಮ್ಯೂರಿಯಲ್. “ಚಹಾ ಆರ್ತಾ ಇದೆ ಅಂದೆ.”

ಲ್ಯಾಂಗ್ರಿಷ್ ಕ್ಯಾಲಮ್‌ನತ್ತ ತಿರುಗಿದ. “ನೋಡಿದೆಯೇನಪ್ಪ? ಸರಿಯಾಗಿ ನೋಡ್ಕೋ. ಇಂಥದ್ದೊಂದು ಗೆರೆ ಎಳೆಯೋಕೆ ನಿನ್ನ ಜನ್ಮದಲ್ಲಿ ಆಗುತ್ತಾ?”

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಕ್ಯಾಲಮ್ ಕಿಟಕಿಯ ಕೆಳಗೆ ಒಮ್ಮೆ ನೋಡಿದ. ಎಡಕ್ಕೆ ಮೂರನೇ ಇಟ್ಟಿಗೆಯ ಹತ್ತಿರ ಗೆರೆ ಒಂದಿಷ್ಟು ದಪ್ಪಗಿತ್ತು. ಅವತ್ತು ವಿಲ್ಫ್ ಕೆಮ್ಮಿದಾಗ ಕ್ಯಾಲಮ್ ತಿರುಗಿ ನೋಡಿದ್ದ.

ತುದಿಮನೆಗೆ ಹೋಗಿ ಕರಣೆ ಒರೆಸಿ ಬಕೆಟ್ಟಿಗೆ ಹಾಕಿದ.

“ಕ್ಯಾಲಮ್, ಒಳಗೆ ಬಾರೋ, ಒಂದು ಗುಟುಕು ಕುಡ್ಕೊಂಡು ಹೋಗು,” ಬಾಗಿಲಿಂದ ಮ್ಯೂರಿಯಲ್ ಕೂಗಿದಳು.

ಎಷ್ಟೋ ದಿನದ ಮೇಲೆ ಯಾರೋ ಅವನ ಹೆಸರು ಹಿಡಿದು ಕರೆದಿದ್ದರು. ಆದರೆ ಆ ಮನೆಯೊಳಗೆ ಹೋದರೆ ಲ್ಯಾಂಗ್ರಿಷ್ ಯಾಕೆ ಅಂತ ಕೇಳಿಯಾನು. ಬಕೆಟ್ಟು ಎತ್ತಿಕೊಂಡು, ಲ್ಯಾಂಗ್ರಿಷ್‌ಗೂ ಅವಳಿಗೂ ಬೆನ್ನು ಹಾಕಿ, ಬೀದಿ ಮೂಲೆಯ ಕಡೆ ನಡೆದ.